ಗೋಡೆ ಮುಚ್ಚುವ ಮುನ್ನ

ಕ್ಯಾಲಿಫೋರ್ನಿಯಾದ ಸನ್ನಿವೇಲ್ ನಗರದ ಪರ್ಮಿಟ್ ಕೌಂಟರು. ಬೆಳಗಿನ ಹೊತ್ತು. ಬೂಟಿಗೆಲ್ಲ ಸಿಮೆಂಟು ಮೆತ್ತಿಕೊಂಡ ಕಂಟ್ರಾಕ್ಟರ್ ಒಬ್ಬರು ಕಂಕುಳಲ್ಲಿ ನಕ್ಷೆಯ ಸುರುಳಿ ಇಟ್ಟುಕೊಂಡು ನಿಂತಿದ್ದಾರೆ. ವಯಸ್ಸಾದ ಚೀನೀ ದಂಪತಿ ವಾಟರ್ ಹೀಟರ್ ಬದಲಾಯಿಸಲು ಏನೇನು ಬೇಕೆಂದು ಮಗಳ ಕೈಲಿ ಕೇಳಿಸುತ್ತಿದ್ದಾರೆ. ಅವರ ಹಿಂದೆ ಲ್ಯಾಪ್‌ಟಾಪ್ ತೆರೆದು ಕುಳಿತವಳು ನನ್ನ ಗೆಳತಿ. ಪಕ್ಕದಲ್ಲಿ ಶಾಲು ಹೊದ್ದ ಅವಳ ಅತ್ತೆ, ಹಾಸನದಿಂದ ಮಗನ ಮನೆಗೆ ಬಂದವರು. ನಕ್ಷೆ, ಅರ್ಜಿ ಎಲ್ಲವನ್ನೂ ಈಗ ಆನ್‌ಲೈನ್‌ನಲ್ಲೇ ಕಳಿಸಬಹುದು. ಆದರೂ ಮೊದಲ ಸಲ ಮನೆ ಕೆಲಸಕ್ಕೆ ಕೈ ಹಾಕಿದವರಿಗೆ ಎದುರು ಕೂತು ಕೇಳಿದರೇ ಸಮಾಧಾನ.

“ಅಲ್ಲ ಕಣಮ್ಮ, ಮನೆ ನಮ್ದು, ದುಡ್ಡು ನಮ್ದು. ಅಡುಗೆಮನೆ ಗೋಡೆ ಒಡೆಯೋಕೆ ಇವರನ್ನ ಯಾಕೆ ಕೇಳಬೇಕು?”

“ಬಣ್ಣ ಹೊಡೆಸೋಕೆ, ಟೈಲ್ಸ್ ಹಾಕ್ಸೋಕೆ, ಕಬೋರ್ಡ್ ಬದಲಾಯಿಸೋಕೆ ಕೇಳ್ಬೇಕಾಗಿಲ್ಲ ಅತ್ತೆ. ಗೋಡೆ ಒಳಗಿರೋದನ್ನ ಮುಟ್ಟಿದ್ರೆ ಮಾತ್ರ ಕೇಳ್ಬೇಕು.”

ಇಲ್ಲಿನ ಕಟ್ಟಡ ನಿಯಮವನ್ನು ಸೊಸೆ ಎರಡು ಮಾತಲ್ಲಿ ಹೇಳಿ ಮುಗಿಸಿದಳು. ಕಣ್ಣಿಗೆ ಕಾಣುವ ಚೆಂದ ಮನೆಯವರ ಇಷ್ಟ. ಕಣ್ಣಿಗೆ ಕಾಣದ ತಂತಿ, ನೀರು, ಗ್ಯಾಸು, ಭಾರ ಹೊರುವ ಮರ, ಇವಿಷ್ಟಕ್ಕೆ ಊರಿನ ಒಪ್ಪಿಗೆ ಬೇಕು.

ಗೆಳತಿಯ ಮನೆ 1950ರ ದಶಕದ್ದು. ಸನ್ನಿವೇಲ್ ಇರುವ ಈ ಕಣಿವೆ ಆಗ ಏಪ್ರಿಕಾಟ್, ಚೆರ್ರಿ, ಪ್ರೂನ್ ತೋಟಗಳ ನಾಡು. ಎರಡನೇ ಮಹಾಯುದ್ಧ ಮುಗಿದ ಮೇಲೆ ತೋಟ ಕಡಿದು ಸಾಲುಸಾಲಾಗಿ ಎಬ್ಬಿಸಿದ ಒಂದಂತಸ್ತಿನ ಮರದ ಮನೆಗಳಲ್ಲಿ ಇದೂ ಒಂದು. ಅಡುಗೆಮನೆ ಇಕ್ಕಟ್ಟು, ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒರಗಬೇಕು. ಒಲೆಯ ಮೇಲೊಂದು ಮೈಕ್ರೋವೇವ್, ಅದರ ಹೊಟ್ಟೆಯಲ್ಲೊಂದು ಫ್ಯಾನು. ಅದು ಹೊಗೆಯನ್ನು ಒಳಗೆಳೆದು, ಜಾಲರಿಯಲ್ಲಿ ಸೋಸಿ, ಮತ್ತೆ ಅದೇ ಕೋಣೆಗೆ ಬಿಡುತ್ತದೆ. ಸೂಪು ಕುದಿಸುವವರಿಗೆ ಅಷ್ಟು ಸಾಕಾಗಿದ್ದೀತು. ಕಾದ ಎಣ್ಣೆಗೆ ಸಾಸಿವೆ ಸಿಡಿದು, ಇಂಗು ಬಿದ್ದು, ಒಣಮೆಣಸಿನಕಾಯಿ ಕಪ್ಪಗಾಗುವ ಹೊತ್ತಿಗೆ ಘಾಟು ಮಲಗುವ ಕೋಣೆಯ ದಿಂಬಿನವರೆಗೂ ಹೋಗಿರುತ್ತದೆ. ಹಜಾರದ ಹೊಗೆ ಅಲಾರಂ ಕಿರುಚುತ್ತದೆ. ಅತ್ತೆ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಹಿಂಬಾಗಿಲು ತೆರೆಯಲು ಓಡುತ್ತಾರೆ. ಈ ಒಗ್ಗರಣೆಯ ಹೊಗೆಯನ್ನು ಸೂರಿನ ಆಚೆಗೆ ಕಳಿಸುವ ದಾರಿ ಮಾಡುವುದು, ಅಡುಗೆಮನೆಗೂ ಹಾಲ್‌ಗೂ ನಡುವಿನ ಗೋಡೆ ತೆಗೆದು ಜಾಗ ದೊಡ್ಡದು ಮಾಡುವುದು, ಇವೆರಡೇ ಅವಳ ಆಸೆ.

ಆಸೆ ಮೊದಲು ನಕ್ಷೆಯಾಗಬೇಕು. ಈಗ ಹೇಗಿದೆ ಎಂಬುದಕ್ಕೆ ಒಂದು ಹಾಳೆ, ಮುಂದೆ ಹೇಗಿರುತ್ತದೆ ಎಂಬುದಕ್ಕೆ ಇನ್ನೊಂದು. ಸಿಂಕ್, ಒಲೆ, ದೀಪ, ಪ್ಲಗ್ ಪಾಯಿಂಟು, ಹೊಗೆ ಕೊಳವೆಯ ದಾರಿ, ಎಲ್ಲವೂ ಅಳತೆ ಸಮೇತ ಅದರಲ್ಲಿರಬೇಕು. ತೆಗೆಯಬೇಕೆಂದಿರುವ ಗೋಡೆ ಬರಿಯ ಮರೆಯೋ ಭಾರ ಹೊತ್ತದ್ದೋ ಎಂದು ನೋಡಲು ಸ್ಟ್ರಕ್ಚರಲ್ ಎಂಜಿನಿಯರ್ ಅಟ್ಟ ಹತ್ತಿದರು. ತಲೆಗೆ ಕಟ್ಟಿದ ದೀಪದ ಬೆಳಕಿನಲ್ಲಿ ಕಂಡದ್ದು ಇಷ್ಟು: ಎರಡೂ ಕಡೆಯಿಂದ ಬಂದ ಚಾವಣಿಯ ತೊಲೆಗಳು ಸರಿಯಾಗಿ ಅದೇ ಗೋಡೆಯ ನೆತ್ತಿಯ ಮೇಲೆ ಕೂಡಿಕೊಂಡಿವೆ. ಗೋಡೆ ತೆಗೆದರೆ ಅವುಗಳಿಗೆ ಆಸರೆಯಿಲ್ಲ. ಆ ಜಾಗಕ್ಕೆ ಎಂಥ ಬೀಮ್ ಬೇಕು, ಅದರ ತುದಿಯ ಕಂಬಗಳು ಯಾವುದರ ಮೇಲೆ ನಿಲ್ಲಬೇಕು ಎಂಬ ಲೆಕ್ಕ ನಕ್ಷೆಯ ಜೊತೆ ಸೇರಿತು.

ಇಲ್ಲಿನವರು ಈ ಲೆಕ್ಕಕ್ಕೆ ಇಷ್ಟು ಬೆಲೆ ಕೊಡುವುದಕ್ಕೆ ಕಾರಣ ಕಾಲಡಿಯಲ್ಲೇ ಇದೆ. 1989ರ ಅಕ್ಟೋಬರ್ 17ರ ಸಂಜೆ ಲೋಮಾ ಪ್ರಿಯೆಟಾ ಭೂಕಂಪ 6.9ರ ತೀವ್ರತೆಯಲ್ಲಿ ಈ ಭಾಗವನ್ನು ಅಲುಗಾಡಿಸಿತು. 63 ಮಂದಿ ಸತ್ತರು. ಸ್ಯಾನ್ ಫ್ರಾನ್ಸಿಸ್ಕೋದ ಮರೀನಾ ಬಡಾವಣೆಯಲ್ಲಿ ನೆಲ ಅಂತಸ್ತಿನ ಗೋಡೆಗಳಿಗೆ ಬಲ ಸಾಲದ ಕಟ್ಟಡಗಳು ಕುಸಿದವು, ಒಡೆದ ಪೈಪುಗಳ ಗ್ಯಾಸು ಬೆಂಕಿಗೆ ಮೇವಾಯಿತು. ಒಂದು ಗೋಡೆ, ಒಂದು ಗ್ಯಾಸ್ ಪೈಪು ಬರೀ ಮನೆಯವರ ವಿಷಯ ಅಲ್ಲವೆಂದು ಈ ಊರುಗಳು ಆವತ್ತು ಕಣ್ಣಾರೆ ಕಂಡವು.

ನಕ್ಷೆ ನಗರದವರ ಪ್ಲಾನ್ ಚೆಕ್‌ಗೆ ಹೋಗಿ, ತಿದ್ದುಪಡಿಗಳ ಪಟ್ಟಿಯೊಂದಿಗೆ ಮರಳಿತು. ಅದನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕುಳಿತಾಗ ಇದೆಲ್ಲ ಬರೀ ತೊಂದರೆ ಕೊಡುವುದಕ್ಕೆ ಎನಿಸುವುದು ಸಹಜ. ಒಂದೊಂದೇ ಸಾಲು ಓದುತ್ತ ಹೋದಂತೆ ಅದರ ಹಿಂದಿನ ಕಾಳಜಿ ಕಾಣುತ್ತದೆ. ಗೋಡೆಗಂಟಿದ ಕೌಂಟರಿನ ಉದ್ದಕ್ಕೂ ಎಲ್ಲಿಂದ ಅಳೆದರೂ 24 ಇಂಚಿನೊಳಗೆ ಒಂದು ಪ್ಲಗ್ ಪಾಯಿಂಟ್ ಸಿಗಬೇಕು. ಇಲ್ಲವಾದರೆ ಜನ ಎಕ್ಸ್‌ಟೆನ್ಷನ್ ವೈರ್ ಎಳೆಯುತ್ತಾರೆ, ಅದು ಒಲೆಯ ಮೇಲೋ ಸಿಂಕಿನ ಒಳಗೋ ಜೋತುಬೀಳುತ್ತದೆ. ಆ ಪ್ಲಗ್‌ಗಳಿಗೆ 20 ಆಂಪಿಯರ್‌ನ ಕನಿಷ್ಠ ಎರಡು ಪ್ರತ್ಯೇಕ ಲೈನ್ ಬೇಕು. ಇಲ್ಲಿನ 120 ವೋಲ್ಟ್‌ಗೆ ಒಂದು ಲೈನ್ ತಾಳುವುದು 2,400 ವಾಟ್. ಒಂದೇ ಲೈನಿನಲ್ಲಿ ಕೆಟಲ್, ಮೈಕ್ರೋವೇವ್, ದೋಸೆ ಹಿಟ್ಟಿನ ಗ್ರೈಂಡರ್ ಒಟ್ಟಿಗೆ ಓಡಿದರೆ ಅಷ್ಟೂ ಮುಗಿದುಹೋಗುತ್ತದೆ.

ಹೊಗೆಯ ಹುಡ್‌ಗೂ ಲೆಕ್ಕವಿದೆ. 2023ರ ಜನವರಿ 1ರಿಂದ ರಾಜ್ಯದ ಇಂಧನ ಸಂಹಿತೆ ವಿದ್ಯುತ್ ಒಲೆಗಿಂತ ಗ್ಯಾಸ್ ಒಲೆಗೆ ಹೆಚ್ಚು ಗಾಳಿ ಸೆಳೆಯುವ ಹುಡ್ ಕೇಳುತ್ತದೆ. ಚಿಕ್ಕ ಮನೆಗೆ ದೊಡ್ಡ ಮನೆಗಿಂತಲೂ ಹೆಚ್ಚಿನದು ಬೇಕು. ಚಿಕ್ಕ ಜಾಗದಲ್ಲಿ ಹೊಗೆ ಬೇಗ ದಟ್ಟವಾಗುತ್ತದೆ. ಕೊಳವೆ ಒಳಮೈ ನುಣುಪಾದ ಲೋಹದ್ದಾಗಿರಬೇಕು. ಅದು ಅಟ್ಟದಲ್ಲಿ ಕೊನೆಯಾಗಬಾರದು, ಸೂರು ದಾಟಿ ಹೊರಗೆ ತೆರೆಯಬೇಕು. ಅಟ್ಟದಲ್ಲೇ ಬಿಟ್ಟರೆ ಎಣ್ಣೆಯ ಜಿಡ್ಡು ಒಣಮರದ ಮೇಲೆ ವರ್ಷಗಟ್ಟಲೆ ಕೂರುತ್ತದೆ.

ಅಡುಗೆಮನೆಗೆ ಬರೆದ ಅರ್ಜಿ ಮನೆಯ ಉಳಿದ ಕೋಣೆಗಳಿಗೂ ಕಾಲಿಟ್ಟಿತು. ಮಲಗುವ ಕೋಣೆಗಳಲ್ಲಿ ಹೊಗೆ ಅಲಾರಂ, ಅವುಗಳ ಹೊರಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಬೇಕು. 1994ಕ್ಕಿಂತ ಹಿಂದಿನ ಮನೆಯಾದ್ದರಿಂದ ಹೆಚ್ಚು ನೀರು ಕುಡಿಯುವ ಹಳೆಯ ಕಮೋಡ್, ಷವರ್, ನಲ್ಲಿಗಳೂ ಬದಲಾಗಬೇಕು. ಮೇಲಿಂದ ಮೇಲೆ ಬರಗಾಲ ಕಂಡ ರಾಜ್ಯ ಒಲೆಯ ನೆಪದಲ್ಲಿ ಬಚ್ಚಲಿನ ನೀರನ್ನೂ ಉಳಿಸಿಕೊಳ್ಳುತ್ತದೆ.

ತಿದ್ದಿದ ನಕ್ಷೆಗೆ ಒಪ್ಪಿಗೆ ಬಿತ್ತು. ಪರ್ಮಿಟ್ ಸಿಕ್ಕ ಮೇಲೆ 12 ತಿಂಗಳೊಳಗೆ ಕೆಲಸ ಶುರುವಾಗಬೇಕು. ಕಂಟ್ರಾಕ್ಟರ್ ಆರಿಸುವಾಗ ಗೆಳತಿ ರಾಜ್ಯದ ಲೈಸೆನ್ಸ್ ಮಂಡಳಿಯಲ್ಲಿ ಅವರ ನಂಬರ್ ಹುಡುಕಿ ನೋಡಿದಳು. ಮನೆ ಕೆಲಸಕ್ಕೆ ಮುಂಗಡವಾಗಿ ಒಟ್ಟು ಮೊತ್ತದ ಶೇ. 10 ಅಥವಾ 1,000 ಡಾಲರ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ ಎಂಬುದು ಇಲ್ಲಿನ ಕಾನೂನು. ದೊಡ್ಡ ಮುಂಗಡ ತೆಗೆದುಕೊಂಡು ಮುಖ ತೋರಿಸದವರಿಂದ ಮನೆಯವರನ್ನು ಕಾಯುವ ನಿಯಮ ಇದು.

ಒಡೆಯುವ ದಿನವೂ ಸುತ್ತಿಗೆಗಿಂತ ಮೊದಲು ಪರೀಕ್ಷೆ. ಆ ಕಾಲದ ನೆಲಹಾಸಿನಲ್ಲಿ ಆಸ್ಬೆಸ್ಟಾಸ್ ಇರಬಹುದು, 1978ಕ್ಕೆ ಹಿಂದಿನ ಬಣ್ಣದಲ್ಲಿ ಸೀಸ ಇರಬಹುದು. ಚೂರುಗಳು ಲ್ಯಾಬಿಗೆ ಹೋಗಿ ವರದಿ ಬಂದ ಮೇಲೆ ಹಾಲ್‌ನ ಬಾಗಿಲಿಗೆ ಪ್ಲಾಸ್ಟಿಕ್ ಪರದೆ ಬಿಗಿದರು. ಮಾಸ್ಕ್ ಹಾಕಿಕೊಂಡವರು ಗೋಡೆಯ ಹಲಗೆಗಳನ್ನು ಬಿಚ್ಚಿದರು.

ಆಗಲೇ ಅದು ಕಂಡದ್ದು. ಹಳೆಯ ಒಲೆಯ ಹಿಂಭಾಗದಲ್ಲಿ ಹಿಂದಿನ ಯಾರೋ ಮಾಲೀಕರು ತಂತಿಗೆ ತಂತಿ ಹೊಸೆದು, ಟೇಪು ಸುತ್ತಿ, ಒಂದು ಬಾಕ್ಸ್ ಕೂಡ ಇಡದೆ ಗೋಡೆ ಮುಚ್ಚಿಬಿಟ್ಟಿದ್ದರು. ಟೇಪು ಒಣಗಿ ಬಿರಿದಿತ್ತು. ಅದಕ್ಕೆ ತಾಗಿಕೊಂಡ ಮರದ ಮೇಲೆ ಅಂಗೈ ಅಗಲ ಕಪ್ಪು. ಕಂಟ್ರಾಕ್ಟರ್ ಮಾತಾಡದೆ ಟಾರ್ಚ್ ಹಿಡಿದು ತೋರಿಸಿದರು. ಅತ್ತೆ ಹತ್ತಿರ ಬಂದು ಬಗ್ಗಿ ನೋಡಿದರು.

“ಇದ್ರ ಮುಂದೆ ನಿಂತ್ಕೊಂಡೇ ಇಷ್ಟು ದಿನ ಅಡಿಗೆ ಮಾಡಿದ್ವಾ?”

ಕೌಂಟರಿನಲ್ಲಿ ಅವರು ಕೇಳಿದ ಪ್ರಶ್ನೆಗೆ ಉತ್ತರ ಆ ಕಪ್ಪು ಕಲೆಯಲ್ಲಿತ್ತು. ಆ ಜೋಡಣೆ ಮಾಡಿದವರು ಮನೆ ಮಾರಿ ಹೋಗಿದ್ದಾರೆ. ಅಪಾಯವನ್ನು ಹೊತ್ತುಕೊಂಡು ಬದುಕಿದವರು ಅವರನ್ನು ಕಂಡು ಕೇಳಿ ಅರಿಯದ ಇನ್ನೊಂದು ಕುಟುಂಬ.

ಹೊಸ ತಂತಿ, ಪೈಪು, ಕೊಳವೆ, ಬೀಮ್ ಎಲ್ಲ ಬಂದು ಕೂತವು. ಗೋಡೆಗಳು ಇನ್ನೂ ತೆರೆದೇ ಇದ್ದವು. ಇಡೀ ಕೆಲಸದ ಮುಖ್ಯ ಘಟ್ಟ ಇದು. ಇಲ್ಲಿ ಇದನ್ನು ರಫ್ ಇನ್‌ಸ್ಪೆಕ್ಷನ್ ಅನ್ನುತ್ತಾರೆ. ಇನ್‌ಸ್ಪೆಕ್ಟರ್ ಬಂದವರು ಕಾಫಿ ಬೇಡವೆಂದು ನಯವಾಗಿ ಹೇಳಿ, ನಕ್ಷೆ ಹರಡಿ, ಟಾರ್ಚ್ ಹಚ್ಚಿದರು. ಬೀಮ್ ಕಂಬಕ್ಕೆ ಕೂಡುವಲ್ಲಿ ಲೋಹದ ಪಟ್ಟಿಯ ಮೊಳೆಗಳನ್ನು ಬೆರಳಿಟ್ಟು ನೋಡಿದರು. ಗ್ಯಾಸ್ ಪೈಪಿನ ತುದಿಗೆ ಮೀಟರ್ ಕಚ್ಚಿಸಿ ಗಾಳಿ ತುಂಬಲಾಗಿತ್ತು. ಕನಿಷ್ಠ 10 ಪಿಎಸ್‌ಐ ಒತ್ತಡ, ಕನಿಷ್ಠ 15 ನಿಮಿಷ, ಮುಳ್ಳು ಕದಲಬಾರದು. ಅಷ್ಟು ಹೊತ್ತೂ ಮನೆಯವರೆಲ್ಲರ ಕಣ್ಣು ಆ ಮುಳ್ಳಿನ ಮೇಲೆ. ಅದು ಕದಲಲಿಲ್ಲ.

ಆದರೆ ಸಿಂಕಿನ ಬಳಿ ಇನ್‌ಸ್ಪೆಕ್ಟರರ ಟಾರ್ಚ್ ನಿಂತಿತು. ಅಲ್ಲಿ ಗೋಡೆಯೊಳಗಿನ ಮರದ ಸ್ಟಡ್‌ಗೆ ಕೊರೆದ ತೂತು ಅಂಚಿಗೆ ತೀರ ಹತ್ತಿರವಿದ್ದು, ತಂತಿಯ ಮುಂದೆ ಉಕ್ಕಿನ ರಕ್ಷಣಾ ಫಲಕ ಇರಲಿಲ್ಲ. ನಾಳೆ ಯಾರಾದರೂ ಚಿತ್ರ ತೂಗುಹಾಕಲು ಮೊಳೆ ಹೊಡೆದರೆ ನೇರ ತಂತಿಗೇ. ಪರೀಕ್ಷೆಗಳ ಸಹಿ ಬೀಳುವ ಜಾಬ್ ಕಾರ್ಡಿನಲ್ಲಿ ಸಹಿ ಬೀಳಲಿಲ್ಲ. ಅಂಗೈಯಷ್ಟು ತಗಡು ಹೊಡೆದು, ಮತ್ತೆ ಕರೆಸಿ, ತೋರಿಸಿದ ಮೇಲೆಯೇ ಸಹಿ. ಕೆಲಸ ತಡವಾಯಿತೆಂದು ಮನೆಯಲ್ಲಿ ಬೇಸರವಿತ್ತು. ಅಡುಗೆ ಗ್ಯಾರೇಜಿನ ಇಂಡಕ್ಷನ್ ಒಲೆಯಲ್ಲಿ, ಪಾತ್ರೆ ತೊಳೆಯುವುದು ಬಚ್ಚಲಿನಲ್ಲಿ. ಆದರೂ ಆ ತಗಡು ಬೇಡವಾಗಿತ್ತು ಎಂದು ಯಾರೂ ಹೇಳಲಿಲ್ಲ.

ಮುಂದಿನದು ಬೇಗ ಸಾಗಿತು. ಗೋಡೆಗೆ ಡ್ರೈವಾಲ್ ಹಲಗೆ ಹೊಡೆದರು, ಮೊಳೆಗಳ ಅಂತರ ನೋಡಿಸಿ ಪಟ್ಟಿ ಮೆತ್ತಿದರು, ಕಬೋರ್ಡು, ಕಲ್ಲು, ನಲ್ಲಿ ಕೂತವು. ಕೊನೆಯ ಪರೀಕ್ಷೆಯ ದಿನ ಇನ್‌ಸ್ಪೆಕ್ಟರ್ ಪ್ರತಿ ಪ್ಲಗ್‌ಗೂ ಸಣ್ಣ ಪರೀಕ್ಷಕ ಚುಚ್ಚಿ, ಗುಂಡಿ ಒತ್ತಿದರು. ಒದ್ದೆ ಕೈಗೆ ಕರೆಂಟು ಸೋರಿದರೆ ಸುಮಾರು 5 ಮಿಲಿಆಂಪಿಯರ್‌ಗೇ ಪ್ಲಗ್ ತಾನಾಗಿ ಕಡಿದುಕೊಳ್ಳಬೇಕು. ಎಲ್ಲವೂ ಟಕ್ಕೆಂದು ಕಡಿದುಕೊಂಡವು. ಡಿಶ್‌ವಾಷರಿನ ಕೊಳೆನೀರು ವಾಪಸು ಹರಿಯದಂತೆ ಸಿಂಕಿನ ಬದಿ ಏರ್ ಗ್ಯಾಪ್ ಇದೆಯೇ ನೋಡಿದರು. ಹುಡ್ ಓಡಿಸಿದರು. ಕಾರ್ಡಿಗೆ ಕೊನೆಯ ಸಹಿ ಬಿತ್ತು. ಮುಂದೆ ಈ ಮನೆ ಮಾರುವಾಗ, ಅನುಮತಿಯಿಲ್ಲದೆ ಮಾಡಿಸಿದ ಕೆಲಸವೇನಾದರೂ ಇದೆಯೇ ಎಂಬ ಪ್ರಶ್ನೆಗೆ ಬರವಣಿಗೆಯಲ್ಲಿ ಉತ್ತರ ಕೊಡಬೇಕು. ಗೆಳತಿ ಅಂಜಿಕೆಯಿಲ್ಲದೆ ಇಲ್ಲ ಎಂದು ಬರೆಯಬಲ್ಲಳು.

ಈ ಪದ್ಧತಿಯಲ್ಲಿ ಖರ್ಚಿದೆ, ಕಾಯುವುದಿದೆ, ಒಂದೇ ಹಾಳೆಯನ್ನು ಮತ್ತೆ ಮತ್ತೆ ತಿದ್ದುವುದಿದೆ. ಇವನ್ನೆಲ್ಲ ಕಡಿಮೆ ಮಾಡಬೇಕೆಂಬ ಒತ್ತಾಯ ನ್ಯಾಯವಾದದ್ದು. ಆದರೆ ತೆರೆದ ಗೋಡೆಯ ಮುಂದೆ, ಈ ಕೆಲಸದಲ್ಲಿ ಲಾಭ ನಷ್ಟ ಯಾವುದೂ ಇಲ್ಲದ ಒಬ್ಬ ಬಲ್ಲವರು ಟಾರ್ಚ್ ಹಿಡಿದು ನಿಲ್ಲುವ ಆ ಗಳಿಗೆಯನ್ನು ಯಾವ ಕಾರಣಕ್ಕೂ ಬಿಟ್ಟುಕೊಡಬಾರದು.

ನಮ್ಮ ಬೆಂಗಳೂರು, ಮೈಸೂರುಗಳಲ್ಲೂ ಅಡುಗೆಮನೆಗಳು ಹೊಸದಾಗುತ್ತಲೇ ಇವೆ. ಅಪಾರ್ಟ್‌ಮೆಂಟಿನ ಸಂಘ ಎನ್‌ಒಸಿ ಕೇಳುತ್ತದೆ. ಡೆಪಾಸಿಟ್ ಎಷ್ಟು, ಎಷ್ಟು ಗಂಟೆಯವರೆಗೆ ಡ್ರಿಲ್ ಮಾಡಬಹುದು, ಡೆಬ್ರಿ ಎಲ್ಲಿ ಹಾಕಬೇಕು ಎಂಬುದರಲ್ಲೇ ಮಾತು ಮುಗಿಯುವುದುಂಟು. ಗೋಡೆಯ ಒಳಗೇನಿದೆ ಎಂದು ಕೇಳುವವರು ಕಡಿಮೆ. ಅಚ್ಚಿನಲ್ಲಿ ಕಾಂಕ್ರೀಟು ಸುರಿದು ಗೋಡೆ ಎಬ್ಬಿಸುವ ಮೈವಾನ್ ಪದ್ಧತಿಯಲ್ಲಿ ಕಟ್ಟಿದ ಫ್ಲಾಟುಗಳಲ್ಲಿ ಗೋಡೆಯೇ ಭಾರ ಹೊರುವ ಕಾಂಕ್ರೀಟು. ಅದರಲ್ಲಿ ಕಿಂಡಿ ಕೊರೆದರೆ ಮೇಲಿನ ಅಷ್ಟೂ ಮನೆಗಳನ್ನು ಹೊತ್ತ ಗೋಡೆ ಬಲ ಕಳೆದುಕೊಳ್ಳುತ್ತದೆ.

ಆದ್ದರಿಂದ ಅಡುಗೆಮನೆ ಬದಲಾಯಿಸಲು ಹೊರಟವರಿಗೆ ನನ್ನದೊಂದು ಕೋರಿಕೆ. ಯಾವ ಊರಿನಲ್ಲೇ ಇರಿ, ಗೋಡೆ ಮುಟ್ಟುವ ಮೊದಲು ಎಂಜಿನಿಯರಿಗೆ ತೋರಿಸಿ. ಮಿಕ್ಸಿ, ಓವನ್, ಗೀಸರ್‌ಗಳಿಗೆ ಎಷ್ಟು ಲೈನ್, ಅರ್ಥಿಂಗ್ ಇದೆಯೇ, ಕರೆಂಟು ಸೋರಿದರೆ ಕಡಿದುಕೊಳ್ಳುವ ಆರ್‌ಸಿಸಿಬಿ ಇದೆಯೇ ಎಂದು ಕೇಳಿ. ಗ್ಯಾಸ್ ಪೈಪಿನ ಒತ್ತಡ ಪರೀಕ್ಷೆಯನ್ನು ನಿಮ್ಮ ಕಣ್ಣೆದುರೇ ಮಾಡಿಸಿ. ಪ್ಲಾಸ್ಟರ್ ಬೀಳುವ ಮೊದಲು ಪ್ರತಿ ಗೋಡೆಯ ಫೋಟೊ ತೆಗೆಯಿರಿ. ನಕ್ಷೆ, ಫೋಟೊ, ಅನುಮತಿ ಪತ್ರಗಳನ್ನು ಮನೆಯ ಪತ್ರಗಳ ಜೊತೆಯಲ್ಲೇ ಇಟ್ಟು, ಮುಂದೆ ಆ ಮನೆಗೆ ಬರುವವರ ಕೈಗೆ ಕೊಡಿ.