ಅಳಿವೆಯಾಚೆಯ ಉಳ್ಳಾಲ

1623ರ ಡಿಸೆಂಬರ್ ತಿಂಗಳು. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಮಂಗಳೂರಿನಿಂದ ಹೊಳೆ ದಾಟಿ ಉಳ್ಳಾಲದ ಕಡೆ ಹೊರಟಿದ್ದ. ಅದಕ್ಕೆ ಕೆಲವೇ ವಾರಗಳ ಹಿಂದೆ ಪೋರ್ಚುಗೀಸ್ ರಾಯಭಾರಿಯೊಬ್ಬನ ಜೊತೆ ಘಟ್ಟ ಹತ್ತಿ ಇಕ್ಕೇರಿಗೆ ಹೋಗಿ, ವೆಂಕಟಪ್ಪ ನಾಯಕನ ಆಸ್ಥಾನವನ್ನು ಕಂಡು ಬಂದಿದ್ದ. ಈಗ ಅವನಿಗೆ ಉಳ್ಳಾಲದ ರಾಣಿಯನ್ನು ನೋಡಬೇಕಿತ್ತು. ಆಕೆ ಆಗ ಇದ್ದದ್ದು ಒಳನಾಡಿನಲ್ಲಿ, ಅವನು ಮನೇಲ್ ಎಂದು ಬರೆದುಕೊಂಡಿರುವ ಊರಿನಲ್ಲಿ. ಅಲ್ಲಿಗೆ ಹೋದಾಗ ರಾಣಿ ಎದುರಾದದ್ದು ಅರಮನೆಯಲ್ಲಲ್ಲ, ಪೇಟೆ ಬೀದಿಯಲ್ಲಿ. ತೋಡು ಅಗೆಸುವ ಕೆಲಸ ನೋಡಿಕೊಂಡು ನಡೆದೇ ಬರುತ್ತಿದ್ದಳು. ಬರಿಗಾಲು. ಸೊಂಟಕ್ಕೆ ದಪ್ಪನೆಯ ಬಿಳಿ ಹತ್ತಿಬಟ್ಟೆ, ತಲೆಗೆ ಸುತ್ತಿ ಭುಜಕ್ಕೆ ಇಳಿಬಿಟ್ಟ ಇನ್ನೊಂದು ವಸ್ತ್ರ, ಮೇಲೆ ನೆರಳಿಗೆ ತಾಳೆಗರಿಯ ಕೊಡೆ. ಯುರೋಪಿನ ಕಣ್ಣಿಗೆ ಆಕೆ ಅಡುಗೆಮನೆಯ ಕೆಲಸದವಳಂತೆ ಕಂಡಳಂತೆ. ಯುರೋಪನ್ನೇ ನಡುಗಿಸುವ ಸ್ಪೇನಿನ ದೊರೆಯ ಸೈನ್ಯ ಇಂಡಿಯಾದಲ್ಲಿ ಸೋತದ್ದು ಇವಳ ಕೈಯಲ್ಲೇ ಎಂದು ಅವನು ಬೆರಗಾದ. ಪೋರ್ಚುಗಲ್ ಆಗ ಸ್ಪೇನಿನ ದೊರೆಯ ಅಧೀನದಲ್ಲಿತ್ತು, ಅದಕ್ಕೆ ಈ ಮಾತು. ಆದರೆ ರಾಣಿ ಬಾಯಿ ತೆರೆದ ಮೇಲೆ ಅವನ ಧಾಟಿಯೇ ಬದಲಾಯಿತು. ಇಂಪಾದ ದನಿ, ತೂಕದ ಮಾತು, ಬುದ್ಧಿವಂತೆ ಎಂದು ಬರೆದುಕೊಂಡ. ಅಷ್ಟೆಲ್ಲ ದೊಡ್ಡ ದೊಡ್ಡ ರಾಜ್ಯಗಳನ್ನು ಬಿಟ್ಟು ಈ ಕಾಡಿಗೇಕೆ ಬಂದೆ ಎಂದು ಆಕೆ ಅವನನ್ನೇ ವಿಚಾರಿಸಿದಳು.

ಉಳ್ಳಾಲದ ರಾಣಿ ಅಬ್ಬಕ್ಕನನ್ನು ನಾವೀಗ ನೋಡುವುದು ಕತ್ತಿ ಹಿರಿದ ಪ್ರತಿಮೆಯಾಗಿ. ಕುದುರೆ, ಕಿರೀಟ, ಉರಿಯುವ ಅಗ್ನಿಬಾಣ ಎಲ್ಲ ಉಂಟು. ನನಗಂತೂ ತೋಡಿನ ಕೆಲಸ ನೋಡಿಕೊಂಡು ಬರಿಗಾಲಲ್ಲಿ ಬಂದ ರಾಣಿಯೇ ಹೆಚ್ಚು ಇಷ್ಟ. ಕರಾವಳಿಯಲ್ಲಿ ಆಳುವುದೆಂದರೆ ಮುಕ್ಕಾಲು ಪಾಲು ನೀರಿನ ಲೆಕ್ಕಾಚಾರ. ಅದನ್ನು ಆಕೆ ತಿಳಿದಿದ್ದಳು ಎಂಬುದಕ್ಕೆ ಕಣ್ಣಾರೆ ಕಂಡವನ ಸಾಕ್ಷಿಯೇ ಇದೆ.

ಇಲ್ಲೊಂದು ಗಣಿತವನ್ನೂ ಮಾಡಬೇಕಾಗುತ್ತದೆ. ದೆಲ್ಲಾ ವಾಲ್ಲೆ ಕಂಡ ರಾಣಿಗೆ ನಲವತ್ತರ ಆಸುಪಾಸಿನ ಪ್ರಾಯ. ಪೋರ್ಚುಗೀಸರ ವೈಸ್‌ರಾಯ್ ಅಂತಾವೊ ದೆ ನೊರೊನ್ಯಾ ಮಂಗಳೂರಿನ ಮೇಲೆ ಏರಿಬಂದು, ಕಪ್ಪ ಕೊಡಲೊಪ್ಪದ ಉಳ್ಳಾಲದ ರಾಣಿಯನ್ನು ಬಗ್ಗಿಸಲು ಹೊರಟು, ಮಂಗಳೂರಿನಲ್ಲಿ ಸಂತ ಸೆಬಾಸ್ಟಿಯನ್ನನ ಹೆಸರಿನ ಕೋಟೆ ಕಟ್ಟಿಸಿದ್ದು 1568ರಲ್ಲಿ. ನಡುವೆ 55 ವರ್ಷ. ಎರಡೂ ಕಡೆ ಒಬ್ಬಳೇ ಅಬ್ಬಕ್ಕ ಇರುವುದು ಸಾಧ್ಯವಿಲ್ಲ. ಒಬ್ಬರಿಗಿಂತ ಹೆಚ್ಚು ಅಬ್ಬಕ್ಕರು ಉಳ್ಳಾಲವನ್ನು ಆಳಿದರು ಎಂದು ಸಂಶೋಧಕರು ಹೇಳುವುದು ಇದೇ ಕಾರಣಕ್ಕೆ. ಜನರ ಬಾಯಲ್ಲಿ ಮಾತ್ರ ಎಲ್ಲರೂ ಸೇರಿ ಒಬ್ಬಳೇ ಆಗಿದ್ದಾರೆ. ಇದರಿಂದ ಅಬ್ಬಕ್ಕ ಸಣ್ಣವಳಾಗುವುದಿಲ್ಲ. ಬದಲಿಗೆ, ಒಂದು ಸಣ್ಣ ಮನೆತನದ ಹೆಣ್ಣುಮಕ್ಕಳು ಎರಡು ಮೂರು ತಲೆಮಾರು ಒಂದೇ ಹಟ ಹಿಡಿದು ನಿಂತರು ಎಂದಾಗುತ್ತದೆ.

ಆ ಮನೆತನ ಚೌಟರದ್ದು. ಜೈನ ಅರಸರು, ಅಳಿಯಕಟ್ಟಿನವರು. ಮಾವನಿಂದ ಸೊಸೆಗೆ, ತಾಯಿಯಿಂದ ಮಗಳಿಗೆ ಪಟ್ಟ ಹೋಗುವ ಪದ್ಧತಿ ಇದ್ದುದರಿಂದ ಹೆಣ್ಣು ಸಿಂಹಾಸನ ಏರುವುದು ಇಲ್ಲಿ ಅಪರೂಪವಾಗಿರಲಿಲ್ಲ. ಒಳನಾಡಿನಲ್ಲಿ ಅವರ ನೆಲೆ ಪುತ್ತಿಗೆ, ಮೂಡುಬಿದಿರೆ. ಉಳ್ಳಾಲ ಅವರ ಕಡಲ ಬಾಗಿಲು. ಆ ಬಾಗಿಲಿನಿಂದ ಹೊರಗೆ ಹೋಗುತ್ತಿದ್ದುದು ಕಾಳುಮೆಣಸು, ಅದಕ್ಕಿಂತ ಮುಖ್ಯವಾಗಿ ಅಕ್ಕಿ. ಪೋರ್ಚುಗೀಸರ ಗೋವಾ ಉಣ್ಣುತ್ತಿದ್ದದ್ದು ಕೆನರಾ ಕರಾವಳಿಯ ಅಕ್ಕಿಯನ್ನು. ಅಕ್ಕಿಯನ್ನು ಕಪ್ಪವಾಗಿ ಕೇಳುತ್ತಿದ್ದರು, ಕೊಡದವರ ಪೇಟೆಗೆ ಬೆಂಕಿ ಇಡುತ್ತಿದ್ದರು. ಹಾಗಾಗಿ ಉಳ್ಳಾಲದ ಯುದ್ಧ ಮಾನದ ಪ್ರಶ್ನೆ ಎಷ್ಟೋ ಅಷ್ಟೇ ಅಕ್ಕಿಮುಡಿಯ ಪ್ರಶ್ನೆ.

ಮನೆಯೊಳಗಿನ ಯುದ್ಧವೂ ಒಂದಿತ್ತು. ರಾಣಿಯ ಗಂಡ ಹೊಳೆಯ ಆಚೆ ದಡದ ಬಂಗರಸ. ಇಬ್ಬರೂ ಬೇರೆಯಾದರು, ಆತ ಕೊಟ್ಟಿದ್ದ ಒಡವೆಗಳನ್ನು ಆಕೆ ಹಿಂದಕ್ಕೆ ಕಳಿಸಿದಳು. ಮುಂದೆ ಬಂಗರಸ ಪೋರ್ಚುಗೀಸರ ನೆರವು ಬೇಡಿದರೆ, ಅಬ್ಬಕ್ಕ ಇಕ್ಕೇರಿಯ ವೆಂಕಟಪ್ಪ ನಾಯಕನನ್ನು ಕರೆದಳು. ಇದನ್ನೂ ದೆಲ್ಲಾ ವಾಲ್ಲೆ ಕೇಳಿ ಬರೆದಿಟ್ಟಿದ್ದಾನೆ. ಹಿಂದಿನ ಅಬ್ಬಕ್ಕನ ಕತೆಯಲ್ಲಿ ಕಲ್ಲಿಕೋಟೆಯ ಸಾಮೂದಿರಿಯ ಸಖ್ಯವೂ ಬರುತ್ತದೆ, ಆಕೆಯ ದೋಣಿಗಳಲ್ಲಿ ಮೊಗವೀರರೂ ಮಾಪಿಳ್ಳೆಗಳೂ ಜೊತೆಯಾಗಿ ಕಾದಿದ್ದೂ ಬರುತ್ತದೆ. ಹಿಂದೆ ಸರಿಯಬೇಕಾದ ರಾತ್ರಿ ಆಕೆ ಅಡಗಿದ್ದು ಮಸೀದಿಯಲ್ಲಿ ಎಂದು ಉಳ್ಳಾಲದವರು ಇವತ್ತಿಗೂ ಹೇಳುತ್ತಾರೆ. ಚುನಾವಣೆ ಹತ್ತಿರ ಬಂದಾಗ ಈ ಮಾತು ಸ್ವಲ್ಪ ಗಟ್ಟಿಯಾಗಿಯೇ ಕೇಳಿಸುತ್ತದೆ.

ಇಷ್ಟೆಲ್ಲ ಓದಿಕೊಂಡು ಉಳ್ಳಾಲಕ್ಕೆ ಹೋದವರಿಗೆ ನಿರಾಸೆ ಕಾದಿದೆ. ನೋಡಬಹುದಾದ ಅರಮನೆಯಿಲ್ಲ. ಚೌಟರ ಅರಮನೆಯ ಕೆತ್ತನೆಯ ಕಂಬಗಳನ್ನು ನೋಡಬೇಕಿದ್ದರೆ ಮೂಡುಬಿದಿರೆಗೇ ಹೋಗಬೇಕು. ಉಳ್ಳಾಲದ ಕೋಟೆಪುರ ಎಂಬಲ್ಲಿ ಈಗ ಮೂಗಿಗೆ ಮೊದಲು ತಾಗುವುದು ಫಿಶ್‌ಮೀಲ್ ಕಾರ್ಖಾನೆಗಳ ವಾಸನೆ. ಬೂತಾಯಿ ಮೀನು ರಾಶಿ ಬಿದ್ದ ವರ್ಷ ಅದು ಇನ್ನೂ ಜೋರು. ಅಬ್ಬಕ್ಕನ ನೆನಪು ಕಲ್ಲಿಗಿಂತ ಬೇರೆ ಕಡೆ ಉಳಿದಿದೆ: ವರ್ಷವರ್ಷವೂ ನಡೆಯುವ ಅಬ್ಬಕ್ಕ ಉತ್ಸವದಲ್ಲಿ, ಯಕ್ಷಗಾನದ ಪ್ರಸಂಗಗಳಲ್ಲಿ, 2012ರಲ್ಲಿ ಕರಾವಳಿ ಕಾವಲು ಪಡೆಗೆ ಸೇರಿದ ‘ರಾಣಿ ಅಬ್ಬಕ್ಕ’ ಹಡಗಿನಲ್ಲಿ, 2023ರ ಅಂಚೆಚೀಟಿಯಲ್ಲಿ. ಬಿ.ಸಿ. ರೋಡಿನ ಹತ್ತಿರ ಇರುವ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ವಸ್ತುಸಂಗ್ರಹಾಲಯವನ್ನಂತೂ ನೋಡಲೇಬೇಕು. ತುಳುವರ ಮನೆಯ ಪಾತ್ರೆ ಪಗಡೆ, ನೇಗಿಲು ನೊಗ ಎಲ್ಲ ಅಲ್ಲಿ ಒಟ್ಟಾಗಿವೆ. ಅದು ಇರುವುದು ಉಳ್ಳಾಲದಲ್ಲಲ್ಲ ಎಂಬುದೊಂದೇ ಕೊರತೆ.

ಉಳ್ಳಾಲದಲ್ಲಿ ನಿಜಕ್ಕೂ ಜನ ಸೇರುವ ಜಾಗ ಸಯ್ಯಿದ್ ಮದನಿ ದರ್ಗಾ. ಸಯ್ಯಿದ್ ಮುಹಮ್ಮದ್ ಶರೀಫುಲ್ ಮದನಿ ಮದೀನಾದಿಂದ ಬಂದವರು, ಸಮುದ್ರದ ಮೇಲೆ ಚಾದರ ಹಾಸಿ ಅದರ ಮೇಲೆ ಕೂತು ಈ ದಡ ಸೇರಿದವರು ಎಂಬುದು ಐತಿಹ್ಯ. ಇಲ್ಲಿನ ಉರೂಸ್ ಐದು ವರ್ಷಕ್ಕೊಮ್ಮೆ. ವಾರಗಟ್ಟಲೆ ನಡೆಯುವ ಆ ಹೊತ್ತಿನಲ್ಲಿ ತೊಕ್ಕೊಟ್ಟಿನಿಂದ ಉಳ್ಳಾಲದವರೆಗಿನ ರಸ್ತೆಯಲ್ಲಿ ವಾಹನ ಓಡಿಸುವುದೇ ಒಂದು ಹರಕೆ. ಕೇರಳದಿಂದಲೂ ಬಸ್ಸುಗಟ್ಟಲೆ ಜನ ಬರುತ್ತಾರೆ. ಹರಕೆ ಹೊರುವವರಲ್ಲಿ ಜಾತಿ ಧರ್ಮ ನೋಡುವ ಕ್ರಮ ಮೊದಲಿನಿಂದಲೂ ಇಲ್ಲ.

ದಕ್ಷಿಣಕ್ಕೆ ಸರಿದರೆ ಸೋಮೇಶ್ವರ. ಕಡಲಿಗೆ ಚಾಚಿದ ಬಂಡೆಗಳ ಮೇಲೆ ಸೋಮನಾಥನ ದೇವಸ್ಥಾನ, ಕೆಳಗೆ ರುದ್ರಪಾದೆ. ಆಟಿ ಅಮಾವಾಸ್ಯೆಯಂದು ಇಲ್ಲಿ ಸಮುದ್ರಸ್ನಾನಕ್ಕೆ ಜನ ಸೇರುತ್ತಾರೆ. ಮಳೆಗಾಲದ ನಟ್ಟನಡುವೆ ಬರುವ ಈ ದಿನ ಕಡಲು ಒಳ್ಳೆಯ ಮೂಡಿನಲ್ಲಿರುವುದು ಕಡಿಮೆ. ತೀರ್ಥಸ್ನಾನವನ್ನು ದಡದಲ್ಲೇ ಮುಗಿಸಿ ಎಂದು ಕಾವಲಿನವರು ಕೂಗುತ್ತಲೇ ಇರಬೇಕಾಗುತ್ತದೆ. ಹೆಸರಾಂತ ತುಳು ಮತ್ತು ಯಕ್ಷಗಾನ ವಿದ್ವಾಂಸ, 2024ರಲ್ಲಿ ತೀರಿಕೊಂಡ ಅಮೃತ ಸೋಮೇಶ್ವರರು ತಮ್ಮ ಹೆಸರಿಗೆ ಸೇರಿಸಿಕೊಂಡದ್ದು ಇದೇ ಊರನ್ನು.

ಭಾಷೆಯ ವಿಷಯದಲ್ಲಿ ಉಳ್ಳಾಲ ಬಲು ಉದಾರಿ. ಮೊಗವೀರ ಪಟ್ಣದಲ್ಲಿ ತುಳು, ದರ್ಗಾದ ಸುತ್ತ ಬ್ಯಾರಿ, ಪೆರ್ಮನ್ನೂರಿನ ಇಗರ್ಜಿಯ ಅಂಗಳದಲ್ಲಿ ಕೊಂಕಣಿ, ತಲಪಾಡಿಯ ಕಡೆ ಹೋದಂತೆ ಮಲಯಾಳ. ಮೀನು ಮಾರುಕಟ್ಟೆಯಲ್ಲಿ ಒಂದೇ ಬಂಗುಡೆಗೆ ಮೂರು ಭಾಷೆಯಲ್ಲಿ ಚೌಕಾಸಿ ನಡೆಯುತ್ತದೆ. ಇಂಥ ಊರಿನಿಂದ ವಿಧಾನಸಭೆಗೆ ಗೆದ್ದು ಹೋದ ಬಿ.ಎಂ. ಇದಿನಬ್ಬ ಕನ್ನಡದ ಕವಿ, ಕನ್ನಡದ ಹೋರಾಟಗಾರ. ಗಡಿಯ ಊರಿನವರಿಗೆ ರಾಜ್ಯಭಾಷೆಯ ಮೇಲಿರುವ ಪ್ರೀತಿ ರಾಜಧಾನಿಯವರದ್ದಕ್ಕಿಂತ ಗಟ್ಟಿ ಎಂಬುದಕ್ಕೆ ಅವರು ಒಳ್ಳೆಯ ಉದಾಹರಣೆ.

ಉಳ್ಳಾಲ ಮಂಗಳೂರಿನ ಉಪನಗರವಾದದ್ದು ಈಚೆಗೆ. ನಡುವಿನ ನೇತ್ರಾವತಿಗೆ ಸೇತುವೆ ಇಲ್ಲದಷ್ಟು ಕಾಲ ಮಂಗಳೂರು ಎಂದರೆ ಆಚೆ ದಡ, ಕಡವಿನ ದೋಣಿ ಕಾದು ಹೋಗಬೇಕಾದ ಪೇಟೆ. 1907ರಲ್ಲಿ ರೈಲು ಮಂಗಳೂರು ಮುಟ್ಟಿತು. ಅದು ಬಂದದ್ದು ದಕ್ಷಿಣದಿಂದ, ಉಳ್ಳಾಲದ ಮೇಲೆ ಹಾದು, ಹೊಳೆಗೆ ಕಟ್ಟಿದ ಕಬ್ಬಿಣದ ಸೇತುವೆ ದಾಟಿ. ಹೆದ್ದಾರಿಯ ಸೇತುವೆ ಆದದ್ದು ಸ್ವಾತಂತ್ರ್ಯ ಬಂದ ಮೇಲೆ. ಈ ಜಿಲ್ಲೆಗೆ ವಿಮಾನ ನಿಲ್ದಾಣ, ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜು, ನವಮಂಗಳೂರು ಬಂದರು ಬರುವಂತೆ ದುಡಿದ ಸಂಸದ ಯು. ಶ್ರೀನಿವಾಸ ಮಲ್ಯರ ಹೆಸರಿನ ಮೊದಲಕ್ಷರ ಉಳ್ಳಾಲದ್ದೇ.

ಸೇತುವೆ ಆದ ಮೇಲೆ ಪೇಟೆ ಇತ್ತ ನುಗ್ಗಿತು. 1980ರಲ್ಲಿ ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾಲಯ ಶುರುವಾಯಿತು, ಆಮೇಲೆ ದೇರಳಕಟ್ಟೆಯಲ್ಲಿ ಒಂದರ ಬೆನ್ನಿಗೊಂದು ಮೆಡಿಕಲ್ ಕಾಲೇಜು. ಹಿಂದೆ ಮನೆಯ ಚಾವಡಿಯಲ್ಲಿ ಕೂತು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಹೆಂಗಸರ ಊರುಗಳಲ್ಲಿ ಈಗ ಸಾಲು ಸಾಲು ಪಿ.ಜಿ.ಗಳು. 2011ರ ಜನಗಣತಿಯಲ್ಲಿ ಉಳ್ಳಾಲ ಪಟ್ಟಣದ ಜನಸಂಖ್ಯೆ 53 ಸಾವಿರ ದಾಟಿತ್ತು. ಈಗ ನಗರಸಭೆ ಇದೆ, ತಾಲ್ಲೂಕು ಎಂಬ ಪಟ್ಟವೂ ಸಿಕ್ಕಿದೆ. ಆದರೂ ತೊಕ್ಕೊಟ್ಟಿನ ಅಂಗಡಿಯವರನ್ನು ಕೇಳಿದರೆ, ದೊಡ್ಡ ವ್ಯಾಪಾರವೆಲ್ಲ ಸೇತುವೆ ದಾಟಿ ಹೋಗುತ್ತದೆ ಎಂದೇ ಗೊಣಗುತ್ತಾರೆ.

ಪೇಟೆ ಒಂದು ಕಡೆಯಿಂದ ಬಂದರೆ ಕಡಲು ಇನ್ನೊಂದು ಕಡೆಯಿಂದ ಬರುತ್ತಿದೆ. ನೇತ್ರಾವತಿ ಮತ್ತು ಗುರುಪುರ ಹೊಳೆಗಳು ಕೂಡಿ ಸಮುದ್ರ ಸೇರುವ ಅಳಿವೆ ಉಳ್ಳಾಲದ ಉತ್ತರದ ತುದಿಗೇ ಇದೆ. ಹೊಳೆ ತಂದ ಮರಳನ್ನು ಅಲೆಗಳು ಬೇಸಿಗೆಯಲ್ಲಿ ದಡಕ್ಕೆ ಹಾಕುತ್ತವೆ, ಮಳೆಗಾಲದಲ್ಲಿ ಎಳೆದೊಯ್ಯುತ್ತವೆ. ತಂದದ್ದು, ಒಯ್ದದ್ದು ಸರಿಹೋದರೆ ದಡ ನಿಲ್ಲುತ್ತದೆ. ಮೀನುಗಾರಿಕೆ ದೋಣಿಗಳು ಹಳೆ ಬಂದರಿಗೆ ಸಲೀಸಾಗಿ ಹೋಗಿ ಬರಲೆಂದು ಅಳಿವೆಯ ಬಾಯಿಗೆ ಎರಡೂ ಕಡೆ ಕಲ್ಲಿನ ಬ್ರೇಕ್‌ವಾಟರ್ ಕಟ್ಟಿದರು. ದೋಣಿಗಳಿಗೆ ದಾರಿಯಾಯಿತು, ಮರಳಿನ ದಾರಿಗೆ ಅಡ್ಡ ಬಂತು. ಇತ್ತ ಹೊಳೆಯಲ್ಲಿ ಅಣೆಕಟ್ಟು, ಮರಳುಗಾರಿಕೆ. ಒಟ್ಟಿನಲ್ಲಿ ಕಡಲಿಗೆ ಬರಬೇಕಾದ ಮರಳೇ ಕಡಿಮೆ. ಕೈಕೋ, ಸುಭಾಷ್‌ನಗರ, ಮೊಗವೀರ ಪಟ್ಣ, ಸೋಮೇಶ್ವರ, ಉಚ್ಚಿಲ, ಬಟ್ಟಪ್ಪಾಡಿ: ಜೂನ್ ಬಂತೆಂದರೆ ಕಡಲ್ಕೊರೆತದ ಸುದ್ದಿಯಲ್ಲಿ ಈ ಹೆಸರುಗಳು ಸರದಿಯಂತೆ ಬರುತ್ತವೆ. ಮೊದಲು ತೆಂಗಿನ ಮರ, ಆಮೇಲೆ ರಸ್ತೆ, ಆಮೇಲೆ ಮನೆಯ ಹಿಂದಿನ ಗೋಡೆ.

ವರ್ಷಕ್ಕಿಷ್ಟು ಲಾರಿ ಬಂಡೆ ತಂದು ಸುರಿಯುವುದು ಹಳೆಯ ಉಪಾಯ. ಬಂಡೆ ಸುರಿದ ಕಡೆ ದಡ ನಿಂತರೂ ಅದರ ಪಕ್ಕದ ದಡ ಕೊರೆಯುತ್ತದೆ, ಮುಂದಿನ ವರ್ಷ ಅಲ್ಲಿಗೆ ಬಂಡೆ. 2010ರಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕ್ ಸಾಲ ಮಂಜೂರು ಮಾಡಿದ ಮೇಲೆ ಕ್ರಮ ಸ್ವಲ್ಪ ಬದಲಾಯಿತು. ದಡದಲ್ಲಿ ಗೋಡೆ ಕಟ್ಟುವ ಬದಲು, ಅಲೆಯ ಸಿಟ್ಟನ್ನು ಕಡಲೊಳಗೇ ಇಳಿಸಲು ನೀರಿನಡಿ ರೀಫ್ ಎಂಬ ದಿಬ್ಬಗಳನ್ನು ಹಾಕುವುದು, ದಡದಲ್ಲಿ ಅಲ್ಲಲ್ಲಿ ಬರ್ಮ್ ಎಂಬ ದಿಣ್ಣೆ ಕಟ್ಟುವುದು. ಉಳ್ಳಾಲದ ಎದುರಿನ ಪಟ್ಟಿಯಲ್ಲಿ ಇದರಿಂದ ಅಷ್ಟಿಷ್ಟು ನೆಮ್ಮದಿ ಸಿಕ್ಕಿತು. ಕೊರೆತ ಮಾತ್ರ ದಕ್ಷಿಣಕ್ಕೆ ಉಚ್ಚಿಲದ ಕಡೆ ಸರಿಯಿತು ಎಂಬುದು ಅಲ್ಲಿನ ಮೀನುಗಾರರ ದೂರು. ಅದನ್ನು ತಳ್ಳಿಹಾಕುವುದು ನನಗಂತೂ ಕಷ್ಟ. ದಡದಲ್ಲೇ ಹುಟ್ಟಿ ಬೆಳೆದವನಿಗೆ ಕಾಣುವುದು ಯೋಜನೆಯ ನಕ್ಷೆಯಲ್ಲಿ ಎಷ್ಟೋ ಸಲ ಕಾಣುವುದಿಲ್ಲ.

2022ರ ಜೂನ್‌ನಲ್ಲಿ ಇದೇ ಕಡಲು ಇನ್ನೊಂದು ಅತಿಥಿಯನ್ನು ತಂದಿಟ್ಟಿತು. ಉಕ್ಕಿನ ಸುರುಳಿ ಹೇರಿಕೊಂಡು ಲೆಬನಾನಿಗೆ ಹೊರಟಿದ್ದ ‘ಪ್ರಿನ್ಸೆಸ್ ಮಿರಾಲ್’ ಎಂಬ ಹಡಗಿಗೆ ನೀರು ನುಗ್ಗಿ, ಅದು ಉಚ್ಚಿಲ ಬಟ್ಟಪ್ಪಾಡಿಯ ಎದುರು ನೆಲಕಚ್ಚಿತು. ಅದರಲ್ಲಿದ್ದ ಸಿರಿಯಾ ದೇಶದ 15 ಮಂದಿಯನ್ನೂ ಕರಾವಳಿ ಕಾವಲು ಪಡೆ ಸುರಕ್ಷಿತವಾಗಿ ದಡ ಸೇರಿಸಿತು. ಹಡಗಿನ ಇಂಧನ ಸೋರಿ ಮೀನಿಗೆ ಕುತ್ತಾದೀತೆಂದು ಮೀನುಗಾರರು ಚಿಂತೆ ಮಾಡುತ್ತಿದ್ದರೆ, ಭಾನುವಾರಗಳಂದು ಅದನ್ನು ನೋಡಲೆಂದೇ ಪೇಟೆಯಿಂದ ಜನ ಬಂದರು.

ಉಳ್ಳಾಲದ ಪರಂಪರೆ ಎಂದಾಗ ಯಾರೂ ಹೇಳದ ಇನ್ನೊಂದು ಸಂಗತಿ ಗೇರು. ಬ್ರೆಜಿಲ್‌ನ ಈ ಗಿಡವನ್ನು ನಮ್ಮ ಕರಾವಳಿಗೆ ತಂದವರು ಪೋರ್ಚುಗೀಸರೇ. ಅಬ್ಬಕ್ಕ ಅವರನ್ನು ತಡೆದಳು, ಗೇರು ಮಾತ್ರ ಗುಡ್ಡ ಹಿಡಿದು ನಿಂತಿತು. 1950ರ ದಶಕದ ಆರಂಭದಲ್ಲಿ ದೇಶದಲ್ಲಿ ಗೇರಿನ ಸಂಶೋಧನೆ ಶುರುವಾದಾಗ ಆಯ್ದ ಕೆಲವೇ ಕೇಂದ್ರಗಳಲ್ಲಿ ಉಳ್ಳಾಲವೂ ಒಂದು. ಇಲ್ಲಿಂದ 1984ರಲ್ಲಿ ಉಳ್ಳಾಲ-1, ಉಳ್ಳಾಲ-2 ತಳಿಗಳು ಹೊರಬಂದವು, ತೊಂಬತ್ತರ ದಶಕದಲ್ಲಿ ಉಳ್ಳಾಲ-3, ಉಳ್ಳಾಲ-4. ಸಮುದ್ರವನ್ನೇ ಕಾಣದ ಬಯಲುಸೀಮೆಯ ರೈತನೂ ನರ್ಸರಿಯಲ್ಲಿ ‘ಉಳ್ಳಾಲ ಗಿಡ ಉಂಟೋ’ ಎಂದು ಕೇಳುತ್ತಾನೆ. ಅಬ್ಬಕ್ಕನ ಹೆಸರು ಕೇಳದವನಿಗೂ ಊರಿನ ಹೆಸರು ಹೀಗೆ ಗೊತ್ತು.

ಹೋಗುವುದು ಸುಲಭ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ನಿಲ್ದಾಣದಿಂದ 44ರ ಸಾಲಿನ ಸಿಟಿ ಬಸ್ಸುಗಳು ಉಳ್ಳಾಲಕ್ಕೆ ಓಡುತ್ತವೆ. ಸೇತುವೆ ಬರುವಾಗ ಬಲಗಡೆಯ ಕಿಟಕಿ ಹಿಡಿದರೆ ಹೊಳೆ ಕಡಲಿನತ್ತ ಅಗಲವಾಗುವುದು ಕಾಣುತ್ತದೆ. ನವೆಂಬರಿನಿಂದ ಫೆಬ್ರವರಿಯವರೆಗೆ ಒಳ್ಳೆಯ ಕಾಲ. ಸೋಮೇಶ್ವರದಲ್ಲಿ ಬಂಡೆಗಳ ನಡುವೆ ಯಾವ ಕಾಲದಲ್ಲೂ ನೀರಿಗಿಳಿಯಬೇಡಿ, ಅಲ್ಲಿ ಜೀವ ಕಳೆದುಕೊಂಡವರಲ್ಲಿ ಈಜು ಬಲ್ಲವರೂ ಇದ್ದಾರೆ. ಮಧ್ಯಾಹ್ನದ ಹೊತ್ತಿಗೆ ತೊಕ್ಕೊಟ್ಟಿನ ಯಾವುದಾದರೂ ಸಣ್ಣ ಹೋಟೆಲಿನಲ್ಲಿ ಕುಚ್ಚಲಕ್ಕಿ ಅನ್ನ, ಬಂಗುಡೆ ಪುಳಿಮುಂಚಿ ಕೇಳಿ. ಅಳಿವೆಯ ಮರುವಾಯಿ ಸುಕ್ಕ ಇದ್ದರೆ ಬೇರೆ ಯೋಚನೆ ಮಾಡದೆ ಅದನ್ನೇ ಹೇಳಿ; ಎರಡು ಗಂಟೆ ದಾಟಿದರೆ ಸಿಗುವುದಿಲ್ಲ.