ಲಸಿಕೆಯ ಪಾಠ ಮತ್ತು ಪೋಷಕರ ಭಯ

ಎಂಟನೇ ತರಗತಿಯ ‘ಸೂಕ್ಷ್ಮಜೀವಿಗಳು: ಮಿತ್ರ ಮತ್ತು ಶತ್ರು’ ಪಾಠದಲ್ಲಿ ಲಸಿಕೆಗೆ ಸಿಗುವ ಜಾಗ ಸ್ವಲ್ಪವೇ. ಪ್ರತಿಕಾಯ, ಸಿಡುಬು, ಎಡ್ವರ್ಡ್ ಜೆನ್ನರ್, 1798 ಎಂದು ಕಪ್ಪುಹಲಗೆಯಲ್ಲಿ ಬರೆದು ಬೋಧನಾಭ್ಯಾಸಕ್ಕೆ ಹೋದ ನಾವು ಮುಂದಕ್ಕೆ ಸಾಗುತ್ತೇವೆ. ಆದರೆ ಲಸಿಕೆ ಹಾಕಿಸುವ ತೀರ್ಮಾನ ಆಗುವುದು ಮನೆಯಲ್ಲಿ. ಮನೆಯವರ ನಂಬಿಕೆ ತಿಳಿಯದೆ ಪಾಠ ಮಾಡಿದರೆ ಮಗು ಪರೀಕ್ಷೆಯಲ್ಲಿ ಉತ್ತರ ಬರೆಯುತ್ತದೆ, ಅಷ್ಟೆ.

2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನ ಮೊದಲು ಆರಂಭವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆ, ಹೆಚ್ಚಾಗಿ ಶಾಲೆಗಳಲ್ಲೇ, ಒಂದು ಡೋಸ್. ವಾಟ್ಸ್‌ಆ್ಯಪ್‌ನಲ್ಲಿ ವದಂತಿಗಳು ಹರಿದಾಡಿದವು. ‘ಚಿಕ್ಕಂದಿನಲ್ಲೇ ಹಾಕಿಸಿದ್ದೇವಲ್ಲ, ಮತ್ತೆ ಯಾಕೆ?’ ಎನ್ನುವುದನ್ನು ಮಾತ್ರ ವದಂತಿಯ ಜೊತೆ ಸೇರಿಸಬಾರದು. ಅದು ನ್ಯಾಯವಾದ ಪ್ರಶ್ನೆ. ಒಂಬತ್ತನೇ ತಿಂಗಳಲ್ಲಿ ಕೊಟ್ಟ ದಡಾರ ಲಸಿಕೆ ನೂರಕ್ಕೆ ಸುಮಾರು 85 ಮಕ್ಕಳಲ್ಲಷ್ಟೇ ರಕ್ಷಣೆ ಮೂಡಿಸುತ್ತದೆ. ಉಳಿದವರಿಗಾಗಿ ಇನ್ನೊಂದು ಡೋಸ್ ಬೇಕು. ಹೀಗೆ ಲೆಕ್ಕ ಬಿಡಿಸಿ ಹೇಳಿದರೆ ಓದು ಬಾರದ ತಾಯಿಗೂ ಅರ್ಥವಾಗುತ್ತದೆ.

ಲಸಿಕೆಯಿಂದ ಮುಂದೆ ಮಕ್ಕಳಾಗುವುದಿಲ್ಲ ಎಂಬ ಭಯ ಹಳೆಯದು, ಪೋಲಿಯೊ ಹನಿಯನ್ನೂ ಅದು ಬಿಟ್ಟಿರಲಿಲ್ಲ. ರುಬೆಲ್ಲಾ ವಿಷಯದಲ್ಲಿ ಸಂಗತಿ ತಿರುವುಮುರುವು. ಗರ್ಭದ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ತಗಲಿದರೆ ಗರ್ಭಪಾತವಾಗಬಹುದು, ಹುಟ್ಟುವ ಮಗುವಿಗೆ ಕಣ್ಣಿನ ಪೊರೆ, ಕಿವುಡು, ಹೃದಯದ ದೋಷ ಬರಬಹುದು. ಲಸಿಕೆ ತಡೆಯುವುದು ಇದನ್ನೇ.

ಇನ್ನು ‘ಆಡಿಕೊಂಡಿದ್ದ ಮಗುವಿಗೆ ಸೂಜಿ ಹಾಕಿಸಿ ಜ್ವರ ಬರಿಸಿದಿರಿ’ ಎಂಬ ಆಕ್ಷೇಪ. ಪೆಂಟಾವೇಲೆಂಟ್ ಹಾಕಿದ ಮೇಲೆ ಒಂದೆರಡು ದಿನ ಜ್ವರ, ತೊಡೆಯಲ್ಲಿ ಊತ ಬರುವುದು ಸಾಮಾನ್ಯ. ಮೊದಲೇ ಹೇಳದಿದ್ದರೆ ತಾಯಿ ಮುಂದಿನ ಡೋಸಿಗೆ ಬರಲು ಹಿಂಜರಿಯುತ್ತಾಳೆ. ಕೂಲಿಗೆ ಹೋಗುವವರಿಗೆ ಮಗುವಿನ ಜ್ವರವೆಂದರೆ ಎರಡು ದಿನದ ಸಂಬಳ ಹೋದಂತೆ. ಇದನ್ನು ಮೂಢನಂಬಿಕೆ ಎಂದು ಪಾಠ ಯೋಜನೆಯಲ್ಲಿ ಬರೆಯುವುದು ನನಗೆ ಸರಿಕಾಣದು. ಮೈಮೇಲೆ ಗುಳ್ಳೆ ಎದ್ದರೆ ‘ಅಮ್ಮ’ ಬಂದಳೆಂದು ಬೇವಿನ ಸೊಪ್ಪು ಇಡುವ ಮನೆಯಲ್ಲೂ ಲಸಿಕೆ ಹಾಕಿಸುತ್ತಾರೆ. ಒಂದನ್ನು ಹೀಯಾಳಿಸಿದರೆ ಇನ್ನೊಂದೂ ಕೈತಪ್ಪೀತು.

ರೋಗ ಮರೆಯಾದದ್ದೂ ಉದಾಸೀನಕ್ಕೆ ಕಾರಣ. ದೇಶದ ಕೊನೆಯ ವೈಲ್ಡ್ ಪೋಲಿಯೊ ಪ್ರಕರಣ 2011ರ ಜನವರಿಯದು. ಅದನ್ನು ಕಂಡ ಅಜ್ಜ ಅಜ್ಜಿಯರು ಇನ್ನೂ ಇದ್ದಾರೆ. ಮಕ್ಕಳು ಅವರನ್ನು ಕೇಳಿ ಬರಲಿ. ತಾಯಿ ಕಾರ್ಡ್ ಇದ್ದರೆ ಮನೆಯಲ್ಲೇ ದಿನಾಂಕಗಳನ್ನು ನೋಡಲಿ. ಯಾರು ಹಾಕಿಸಿಲ್ಲ ಎಂದು ತರಗತಿಯಲ್ಲಿ ಕೈ ಎತ್ತಿಸುವುದು ಬೇಡ. 16ನೇ ವರ್ಷದ ಟಿ.ಡಿ. ಚುಚ್ಚುಮದ್ದು ಈ ಮಕ್ಕಳಿಗೆ ಇನ್ನೂ ಬಾಕಿಯಿದೆ. ಅದರ ಮಾತನ್ನು ಮನೆಯಲ್ಲಿ ಎತ್ತುವವರು ಅವರೇ.