ಟೋಪಿ ಧರಿಸಿದರೆ ತಲೆ ಬೋಳಾಗುವುದೆ?

ಶಿವಮೊಗ್ಗೆಯ ವಿದ್ಯಾನಗರದಿಂದ ಭದ್ರಾವತಿಯ ಕಡೆಗೆ ಸಾಗುವ ಹೆದ್ದಾರಿಯಲ್ಲಿ ದ್ವಿಚಕ್ರ ವಾಹನಗಳಿಗೆ ಕೊರತೆಯಿಲ್ಲ. ಅವುಗಳನ್ನು ನಡೆಸುವ ತರುಣರಲ್ಲಿ ಕೆಲವರ ಹೆಲ್ಮೆಟ್ಟು ತಲೆಯ ಮೇಲಿರದೆ ಮೊಳಕೈಗೆ ತೂಗುತ್ತಿರುವುದನ್ನು ವಾಚಕರು ಕಂಡಿರಬಹುದು. ಕಾರಣವನ್ನು ಕೇಳಿದರೆ, "ಹೆಲ್ಮೆಟ್ಟು ಹಾಕಿದರೆ ಕೂದಲು ಉದುರುತ್ತದೆ" ಎಂಬ ಉತ್ತರ ದೊರೆಯುವುದು ಅಪರೂಪವಲ್ಲ. ಈ ನಂಬಿಕೆ ನಿಜವಾಗಿದ್ದರೆ ಪ್ರಾಣರಕ್ಷಣೆಗಾಗಿ ಕೂದಲನ್ನು ತೆರಬೇಕಾದೀತು. ಸುಳ್ಳಾಗಿದ್ದರೆ ಇಲ್ಲದ ಭಯಕ್ಕೆ ಪ್ರಾಣವನ್ನೇ ಪಣಕ್ಕಿಟ್ಟಂತಾದೀತು. ಆದುದರಿಂದ ಇದನ್ನು ನಾವು ಸಾವಧಾನವಾಗಿ ಪರಿಶೀಲಿಸುವುದು ಯುಕ್ತ.

ತಲೆಯನ್ನು ಮುಚ್ಚಿಕೊಳ್ಳುವುದು ನಮ್ಮ ನಾಡಿಗೆ ಹೊಸದಲ್ಲ. ಮಲೆನಾಡಿನ ತೋಟದ ಕೆಲಸಗಾರನಿಗೆ ಅಡಕೆಯ ಹಾಳೆಟೋಪಿ, ಮಳೆಗಾಲದಲ್ಲಿ ಕಂಬಳಿಕೊಪ್ಪೆ, ಊರ ಹಿರಿಯರಿಗೆ ರುಮಾಲು ಅಥವಾ ಪೇಟ, ಇವೆಲ್ಲ ಬಹುಕಾಲದಿಂದ ಬಂದಿವೆ. ಇವನ್ನು ಧರಿಸಿದವರಲ್ಲಿ ಬೊಕ್ಕತಲೆಯವರೂ ಇದ್ದರು, ದಟ್ಟವಾದ ಕೂದಲುಳ್ಳವರೂ ಇದ್ದರು. ಟೋಪಿಯ ಕೆಳಗೆ ಬೋಳುತಲೆಯನ್ನು ಕಂಡಮಾತ್ರಕ್ಕೆ ಟೋಪಿಯೇ ಕಾರಣವೆಂದು ಹೇಳುವಂತಿಲ್ಲ. ಬೋಳನ್ನು ಮರೆಮಾಡಲೆಂದೇ ಟೋಪಿ ಬಂದಿರಬಹುದು. ಮತ್ತೊಂದು ಮಾತನ್ನೂ ಗಮನಿಸಬೇಕು. ವಾಹನ ನಡೆಸುವ ಪರವಾನಗಿ ಸಿಗುವುದು ಹದಿನೆಂಟರ ಸುಮಾರಿಗೆ. ಪುರುಷರಲ್ಲಿ ಕೂದಲು ತೆಳುವಾಗತೊಡಗುವುದೂ ಅನೇಕವೇಳೆ ಅದಾದ ಕೆಲವೇ ವರ್ಷಗಳಲ್ಲಿ. ಎರಡು ಸಂಗತಿಗಳು ಒಂದೇ ಕಾಲದಲ್ಲಿ ನಡೆದರೆ ಒಂದು ಮತ್ತೊಂದರ ಕಾರಣವೆಂದು ಸಿದ್ಧವಾಗುವುದಿಲ್ಲ.

ಈಗ ಕೂದಲಿನ ಸ್ವರೂಪವನ್ನು ನೋಡೋಣ. ನಮ್ಮ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲುಗಳಿವೆ. ಪ್ರತಿಯೊಂದೂ ತಿಂಗಳಿಗೆ ಸುಮಾರು ೧ ಸೆಂಟಿಮೀಟರಿನಂತೆ ಕೆಲವು ವರ್ಷ ಬೆಳೆದು, ಕೆಲವು ತಿಂಗಳು ವಿಶ್ರಮಿಸಿ, ಉದುರಿಹೋಗುತ್ತದೆ. ಅದೇ ರೋಮಕೂಪದಿಂದ ಹೊಸದು ಹುಟ್ಟುತ್ತದೆ. ಒಂದು ಕೂದಲಿನ ಆಯುಸ್ಸು ಸುಮಾರು ಸಾವಿರ ದಿನಗಳೆಂದು ಇಟ್ಟುಕೊಂಡರೆ, ಒಂದು ಲಕ್ಷವನ್ನು ಸಾವಿರದಿಂದ ಭಾಗಿಸಿದಾಗ ದಿನಕ್ಕೆ ನೂರು ಎಂದಾಗುತ್ತದೆ. ವೈದ್ಯರು ಸಹಜವೆಂದು ಹೇಳುವ ಲೆಕ್ಕವೂ ದಿನಕ್ಕೆ ೫೦ರಿಂದ ೧೦೦. ಬಾಚಣಿಗೆಯಲ್ಲಿಯೋ ದಿಂಬಿನ ಮೇಲೆಯೋ ಬೀಳಬೇಕಾದ ಕೂದಲು ಹೆಲ್ಮೆಟ್ಟಿನೊಳಗೆ ಬಿದ್ದಾಗ ಮಾತ್ರ ನಾವು ಬೆಚ್ಚಿಬೀಳುತ್ತೇವೆ!

ಟೋಪಿಯ ಮೇಲಿರುವ ಮೊದಲ ಆರೋಪ, ಅದು ಕೂದಲಿಗೆ ಗಾಳಿಯಾಡದಂತೆ ಮಾಡುತ್ತದೆ ಎಂಬುದು. ಆದರೆ ಹೊರಗೆ ಕಾಣುವ ಕೂದಲು ನಿರ್ಜೀವವಾದ ಕೆರಾಟಿನ್ ಎಳೆ, ಅದಕ್ಕೆ ಉಸಿರಾಟವಿಲ್ಲ. ಜೀವವಿರುವುದು ಚರ್ಮದೊಳಗೆ ಕೆಲವು ಮಿಲಿಮೀಟರ್ ಆಳದಲ್ಲಿರುವ ಬುಡದಲ್ಲಿ. ಅದಕ್ಕೆ ಬೇಕಾದ ಆಮ್ಲಜನಕ ರಕ್ತದ ಮೂಲಕ ಬರುತ್ತದೆಯೇ ಹೊರತು ಹೊರಗಿನ ಗಾಳಿಯಿಂದಲ್ಲ.

ಎರಡನೆಯ ಆರೋಪ, ಟೋಪಿಯ ಒತ್ತಡದಿಂದ ರಕ್ತಸಂಚಾರ ನಿಲ್ಲುತ್ತದೆ ಎಂಬುದು. ಇದನ್ನು ಲೆಕ್ಕಹಾಕಿ ನೋಡಬಹುದು. ಹೆಲ್ಮೆಟ್ಟಿನ ತೂಕ ೧.೨ ಕಿಲೋಗ್ರಾಂ, ಅದು ತಲೆಗೆ ತಾಗುವ ಕ್ಷೇತ್ರ ೩೦೦ ಚದರ ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಆಗ ಒತ್ತಡ ಸುಮಾರು ೪೦೦ ಪಾಸ್ಕಲ್, ಅಂದರೆ ೩ ಮಿಲಿಮೀಟರ್ ಪಾದರಸದಷ್ಟು. ಧಮನಿಗಳಲ್ಲಿ ರಕ್ತದ ಒತ್ತಡ ೮೦ರಿಂದ ೧೨೦ ಮಿಲಿಮೀಟರ್. ಅತಿ ಸೂಕ್ಷ್ಮವಾದ ಲೋಮನಾಳಗಳನ್ನು ರಕ್ತ ಹೊಗುವೆಡೆಯಲ್ಲಿಯೂ ಸುಮಾರು ೩೦. ಇನ್ನು ದಿಂಬನ್ನು ಪರಿಗಣಿಸಿರಿ: ನಾಲ್ಕೂವರೆ ಕಿಲೋಗ್ರಾಂ ತೂಕದ ತಲೆ ೧೦೦ ಚದರ ಸೆಂಟಿಮೀಟರಿನ ಮೇಲೆ ಒರಗಿದರೆ ಒತ್ತಡ ಸುಮಾರು ೩೩ ಮಿಲಿಮೀಟರ್, ಹೆಲ್ಮೆಟ್ಟಿನ ಒತ್ತಡದ ಹನ್ನೊಂದರಷ್ಟು! ರಾತ್ರಿಯಿಡೀ ಇಂತಹ ಒತ್ತಡವನ್ನು ಸಹಿಸುವ ಹಿಂದಲೆಯಲ್ಲಿಯೇ ಕೂದಲು ಕೊನೆಯವರೆಗೂ ಉಳಿಯುತ್ತದೆ. ದೀರ್ಘ ಶಸ್ತ್ರಚಿಕಿತ್ಸೆಯಲ್ಲಿ ತಲೆ ಗಂಟೆಗಟ್ಟಲೆ ಅಲುಗದೆ ಇದ್ದಾಗ ಒತ್ತಿದ ಜಾಗದಲ್ಲಿ ಕೂದಲು ಉದುರುವುದುಂಟು. ನಿದ್ರೆಯಲ್ಲಾದರೋ ನಾವು ಹೊರಳುತ್ತಿರುತ್ತೇವೆ.

ಬೋಳಾಗುವ ಜಾಗವೂ ಟೋಪಿಯ ಪರವಾಗಿಯೇ ಸಾಕ್ಷಿ ನುಡಿಯುತ್ತದೆ. ಟೋಪಿಯ ಅಂಚು ಬಿಗಿಯುವುದು ಕಿವಿಗಳ ಮೇಲೂ ಹಿಂದಲೆಯಲ್ಲಿಯೂ; ಕೂದಲು ಹೋಗುವುದು ಹಣೆಯ ಎರಡು ಮೂಲೆಗಳಲ್ಲಿ ಮತ್ತು ನಡುನೆತ್ತಿಯಲ್ಲಿ.

ಹಾಗಾದರೆ ನಿಜವಾದ ಕಾರಣವೇನು? ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ ೧೯೪೨ರಲ್ಲಿ ಒಂದು ಮುಖ್ಯವಾದ ಸಂಗತಿಯನ್ನು ಪ್ರಕಟಿಸಿದರು. ಪ್ರಾಯಕ್ಕೆ ಬರುವ ಮೊದಲೇ ವೃಷಣಗಳನ್ನು ಕಳೆದುಕೊಂಡವರ ತಲೆ ಬೋಳಾಗುವುದಿಲ್ಲ. ಅವರಿಗೆ ಪುರುಷ ಹಾರ್ಮೋನನ್ನು ಕೊಟ್ಟರೆ, ವಂಶದಲ್ಲಿ ಬೊಕ್ಕತಲೆಯಿರುವವರಲ್ಲಿ ಕೂದಲು ಉದುರತೊಡಗುತ್ತದೆ. ಟೆಸ್ಟೋಸ್ಟೆರೋನ್ ಎಂಬ ಈ ಹಾರ್ಮೋನು ಒಂದು ಕಿಣ್ವದ ಕ್ರಿಯೆಯಿಂದ ಡೈಹೈಡ್ರೋಟೆಸ್ಟೋಸ್ಟೆರೋನ್ ಆಗಿ ಮಾರ್ಪಡುತ್ತದೆ. ಅನುವಂಶೀಯವಾಗಿ ಅದಕ್ಕೆ ಸುಲಭವಾಗಿ ವಶವಾಗುವ ರೋಮಕೂಪಗಳು ಕ್ರಮೇಣ ಕುಗ್ಗಿ, ಅವುಗಳಿಂದ ಹುಟ್ಟುವ ಕೂದಲು ತೆಳುವೂ ಮೋಟೂ ಆಗುತ್ತದೆ. ಹಿಂದಲೆಯ ರೋಮಕೂಪಗಳು ಈ ಪ್ರಭಾವಕ್ಕೆ ಒಳಗಾಗುವುದಿಲ್ಲ. ನಾರ್ಮನ್ ಓರೆಂಟ್ರೈಕ್ ಎಂಬ ಅಮೆರಿಕದ ವೈದ್ಯರು ೧೯೫೯ರಲ್ಲಿ ಪ್ರಕಟಿಸಿದಂತೆ, ಹಿಂದಲೆಯ ಕೂದಲನ್ನು ಬುಡಸಹಿತ ತೆಗೆದು ಬೋಳಾದ ನೆತ್ತಿಯಲ್ಲಿ ನೆಟ್ಟರೆ ಅದು ಅಲ್ಲಿಯೂ ಸೊಂಪಾಗಿ ಬೆಳೆಯುತ್ತದೆ. ದೋಷವಿರುವುದು ರೋಮಕೂಪದ ಹುಟ್ಟುಗುಣದಲ್ಲಿ, ಅದರ ಮೇಲೆ ಕುಳಿತ ಟೋಪಿಯಲ್ಲಲ್ಲ.

ಆದರೂ ಜನರ ಶಂಕೆಯಲ್ಲಿ ಸತ್ಯಾಂಶವೇ ಇಲ್ಲವೆಂದಲ್ಲ. ಕೂದಲನ್ನು ಬಹುಕಾಲ ಬಿಗಿಯಾಗಿ ಎಳೆದರೆ ಬುಡಕ್ಕೆ ಹಾನಿಯುಂಟು. ಜಡೆಯನ್ನೋ ತುರುಬನ್ನೋ ವರ್ಷಗಟ್ಟಲೆ ಜಗ್ಗಿ ಕಟ್ಟುವ ಸ್ತ್ರೀಯರಲ್ಲಿಯೂ, ಪೇಟದೊಳಗೆ ಕೂದಲನ್ನು ಬಿಗಿಯಾಗಿ ಗಂಟುಹಾಕುವ ಸಿಖ್ಖರಲ್ಲಿಯೂ ಹಣೆಯಂಚಿನ ಕೂದಲು ಕಡಮೆಯಾಗುವುದನ್ನು ವೈದ್ಯರು ಗುರುತಿಸಿದ್ದಾರೆ. ಇಲ್ಲಿ ತಪ್ಪು ಮುಚ್ಚುವುದರದಲ್ಲ, ಎಳೆಯುವುದರದು. ಕೊಳಕಾದ, ಬೆವರಿನಿಂದ ತೊಯ್ದ ಒಳಪದರದಿಂದ ತುರಿಕೆಯೂ ಹೊಟ್ಟೂ ಹೆಚ್ಚಬಹುದು; ಒಬ್ಬರ ಟೋಪಿಯನ್ನು ಮತ್ತೊಬ್ಬರು ಧರಿಸುವುದರಿಂದ ಗಜಕರ್ಣದಂತಹ ಶಿಲೀಂಧ್ರರೋಗ ಹರಡಬಹುದು; ಅಳತೆಗೆ ಒಗ್ಗದ ಹೆಲ್ಮೆಟ್ಟಿನ ಉಜ್ಜುವಿಕೆಯಿಂದ ಕೂದಲು ತುಂಡಾಗಬಹುದು. ಪರಿಹಾರಗಳೂ ಸುಲಭ: ತಲೆಗೆ ಸರಿಹೊಂದುವ ಸ್ವಂತ ಹೆಲ್ಮೆಟ್ಟು, ಒಳಗೊಂದು ತೆಳುವಾದ ಹತ್ತಿಯ ಬಟ್ಟೆ, ಆಗಾಗ್ಗೆ ಒಗೆತ, ಒದ್ದೆಗೂದಲನ್ನು ಒಣಗಿಸಿದ ಬಳಿಕವೇ ಧಾರಣೆ.

ತಕ್ಕಡಿಯ ಮತ್ತೊಂದು ತಟ್ಟೆಯಲ್ಲಿ ಏನಿದೆ? ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ೨೦೦೮ರಲ್ಲಿ ನಡೆದ ಸಮೀಕ್ಷೆಯ ಪ್ರಕಾರ, ಅಪಘಾತಕ್ಕೆ ಸಿಲುಕಿದ ಮೋಟಾರ್ ಸೈಕಲ್ ಸವಾರರಲ್ಲಿ ಹೆಲ್ಮೆಟ್ಟು ಮರಣದ ಸಂಭವವನ್ನು ಸುಮಾರು ಶೇಕಡ ೪೨ರಷ್ಟು, ತಲೆಯ ಪೆಟ್ಟಿನ ಸಂಭವವನ್ನು ಶೇಕಡ ೬೯ರಷ್ಟು ಕಡಮೆ ಮಾಡುತ್ತದೆ. ೧೯೮೮ರ ಮೋಟಾರು ವಾಹನಗಳ ಕಾನೂನು ಅದನ್ನು ಕಡ್ಡಾಯಮಾಡಿರುವುದೂ, ಕರ್ನಾಟಕವು ೨೦೧೬ರಲ್ಲಿ ಹಿಂದೆ ಕುಳಿತವರಿಗೂ ಈ ನಿಯಮವನ್ನು ಜಾರಿಗೊಳಿಸಿದ್ದೂ ನಿಷ್ಕಾರಣವಲ್ಲ. ಉದುರಬೇಕೆಂದು ಹುಟ್ಟಿನಲ್ಲಿಯೇ ಬರೆದಿರುವ ಕೂದಲು ಹೆಲ್ಮೆಟ್ಟಿಲ್ಲದಿದ್ದರೂ ಉದುರುತ್ತದೆ. ಹೋದ ಕೂದಲನ್ನು ಹಿಂದಲೆಯಿಂದ ತಂದು ನೆಡುವ ವಿದ್ಯೆಯನ್ನು ಮಾನವನು ಕಲಿತಿದ್ದಾನೆ. ಒಡೆದ ತಲೆಯನ್ನು ಮೊದಲಿನಂತೆ ಮಾಡುವ ವಿದ್ಯೆಯನ್ನು ಇನ್ನೂ ಕಲಿತಿಲ್ಲ.